ಅಟ್ಟದ ಮೇಲೆ ಬೆವರುವ ಗಾಳಿ ಕೊಳವೆ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಸದಸ್ಯರೊಬ್ಬರ ಮನೆಯ ಅಟ್ಟದಲ್ಲಿ 11 ಚೀಲ ಚಾಲಿ ಅಡಿಕೆಗೆ ಬೂಸ್ಟು ಹಿಡಿಯಿತು. ಹಳತಾಗಲಿ, ಒಳ್ಳೆಯ ದರ ಬರಲಿ ಎಂದು ಎರಡು ವರ್ಷದಿಂದ ಜೋಪಾನ ಮಾಡಿದ್ದ ಮಾಲು ಅದು. ಕೊನೆಗೆ ಪಟೋರ-ಕೋಕದ ದರಕ್ಕೆ ಹೋಯಿತು. ಈ ನಷ್ಟದಲ್ಲಿ ನಮ್ಮ ತಪ್ಪು ಸಲಹೆಯ ಪಾಲೂ ಇರುವುದರಿಂದ ವಿಷಯವನ್ನು ಸದಸ್ಯ ಬಾಂಧವರ ಮುಂದೆ ಬಿಡಿಸಿ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮನೆ ಇರುವುದು ಘಟ್ಟದ ಬುಡದಲ್ಲಿ. ವೃದ್ಧರಾದ ತಂದೆಯವರಿಗೆ ಸೆಕೆ ತಡೆಯುವುದಿಲ್ಲವೆಂದು ಮಕ್ಕಳು ಮನೆ ದುರಸ್ತಿಯ ಸಮಯದಲ್ಲಿ ಹವಾನಿಯಂತ್ರಣ ಹಾಕಿಸಿದ್ದರು. ಯಂತ್ರ ಒಂದೇ. ಅದರಿಂದ ಹೊರಟ ತಗಡಿನ ಗಾಳಿ ಕೊಳವೆ, ಅಂದರೆ ಡಕ್ಟು, ಅಟ್ಟದ ಮೇಲೆ ಹಾದು ಮೂರು ಕೋಣೆಗಳಿಗೆ ತಂಪು ಗಾಳಿ ಇಳಿಸುತ್ತದೆ. ಕೋಣೆಗಳಷ್ಟೇ ತಂಪು, ಅಟ್ಟ ಮೊದಲಿನಂತೆಯೇ ಹೆಂಚಿನ ಕೆಳಗಿನ ಬರಿಯ ಅಟ್ಟ. ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ಒಂದು ಹನಿ ನೀರಿಲ್ಲ. ಜೂನ್ ಕಳೆದು ಮಳೆ ಹಿಡಿದ ಮೇಲೆ ಹಲಗೆಯ ಮುಚ್ಚಿಗೆಯಿಂದ ತೊಟ್ಟಿಕ್ಕಲು ಸುರುವಾಯಿತು. ನಮ್ಮನ್ನು ಕೇಳಿದರು. ಹೋಗಿ ನೋಡಿದೆವು. ಮಳೆಗಾಲದಲ್ಲಿ ಮೇಲಿನಿಂದ ನೀರು ಬಿದ್ದರೆ ಇನ್ನೇನು ಇರಲು ಸಾಧ್ಯ? ಹೆಂಚು ಒಡೆದಿದೆ, ಬದಲಿಸಿ ಎಂದೆವು. ಮಳೆಯಲ್ಲೇ ಆಳು ಹತ್ತಿಸಿ ಹೆಂಚು ಬದಲಿಸಿದರು. ತೊಟ್ಟಿಕ್ಕುವುದು ನಿಲ್ಲಲಿಲ್ಲ.

ನಿಜ ಸಂಗತಿಯನ್ನು ಮೊದಲು ಹಿಡಿದವರು ಮನೆಯ ಅಜ್ಜಿ. "ಹೆಂಚಿನ ನೀರಾದರೆ ಕರಿ ಬರ್ತದೆ ರಾಯರೇ, ಇದು ಚೊಕ್ಕ ಉಂಟು, ತಣ್ಣಗೂ ಉಂಟು" ಎಂದರು. ಪದವಿ ಪಡೆದ ನಾವು ತಲೆ ತಗ್ಗಿಸಬೇಕಾಯಿತು. ಅಟ್ಟ ಹತ್ತಿ ಕೊಳವೆಯ ಮೇಲೆ ಕೈ ಆಡಿಸಿದರೆ ಕೈಯೆಲ್ಲ ಒದ್ದೆ. ಕೊಳವೆ ಸೋರುತ್ತಿರಲಿಲ್ಲ, ಅದರೊಳಗೆ ನೀರೇ ಇಲ್ಲ. ಅದು ಬೆವರುತ್ತಿತ್ತು.

ಈ ಬೆವರು ನಮ್ಮವರಿಗೆ ಹೊಸತಲ್ಲ. ಕಣದಲ್ಲಿ ಅರೆ ಒಣಗಿದ ಕಾಫಿಯನ್ನು ರಾತ್ರಿ ಟಾರ್ಪಾಲು ಮುಚ್ಚಿಟ್ಟರೆ ಬೆಳಿಗ್ಗೆ ಅದರ ಒಳಮೈ ತೊಯ್ದಿರುತ್ತದೆ. ಜನವರಿಯ ಶುಭ್ರ ರಾತ್ರಿಗಳಲ್ಲಿ ಗೋದಾಮಿನ ತಗಡಿನ ಮಾಡು ಒಳಗಿನಿಂದ ಹನಿಸುತ್ತದೆ. ಗಾಳಿಯಲ್ಲಿ ಯಾವಾಗಲೂ ಕಣ್ಣಿಗೆ ಕಾಣದ ನೀರಾವಿ ಇರುತ್ತದೆ. ಬಿಸಿ ಗಾಳಿ ಹೆಚ್ಚು ಆವಿ ಹೊರಬಲ್ಲದು, ತಣ್ಣನೆಯದು ಕಡಮೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹೊತ್ತುಕೊಂಡರೆ 14 ಡಿಗ್ರಿಯಲ್ಲಿ 12 ಗ್ರಾಂ ಮಾತ್ರ. ಗಾಳಿ ತಣ್ಣಗಾಗುತ್ತಾ ಹೋದಂತೆ ಒಂದು ಹಂತದಲ್ಲಿ ಹೊತ್ತ ಆವಿಯನ್ನು ಇಳಿಸಲೇಬೇಕು. ಆ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಅದಕ್ಕಿಂತ ತಣ್ಣಗಿರುವ ಯಾವ ಮೈ ಸಿಕ್ಕಿದರೂ ನೀರು ಅಲ್ಲಿ ಕೂರುತ್ತದೆ.

ಇನ್ನು ಡಕ್ಟಿನ ಲೆಕ್ಕ. ಒಳಗೆ ಹರಿಯುವ ಗಾಳಿ ಸುಮಾರು 14 ಡಿಗ್ರಿ. ಮಳೆಗಾಲದ ಅಟ್ಟ 28 ಡಿಗ್ರಿ, ಆರ್ದ್ರತೆ ಶೇಕಡಾ 90 ಎಂದುಕೊಂಡರೆ ಇಬ್ಬನಿ ಬಿಂದು 26 ಡಿಗ್ರಿಯ ಮೇಲೆಯೇ ನಿಲ್ಲುತ್ತದೆ. ಅಂದರೆ ಹೊದಿಕೆಯ ಹೊರಮೈ ಸುತ್ತಲಿನ ಗಾಳಿಗಿಂತ ಎರಡು ಡಿಗ್ರಿ ತಣ್ಣಗಾದರೂ ಸಾಕು, ಬೆವರು ಬಂತು. ಇವರ ಕೊಳವೆಗೆ ಸುತ್ತಿದ್ದದ್ದು ಅರ್ಧ ಇಂಚಿನ ಹೊದಿಕೆ. ನಾವು ಲೆಕ್ಕ ಹಾಕಿದಂತೆ ಅದರ ಹೊರಮೈ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಂದು ಇಂಚು ಇದ್ದರೆ 26. ಅದೂ ಅಂಚಿನ ಮೇಲೆ. ಎರಡು ಇಂಚು ಇದ್ದರೆ 27 ಆಗಿ ಒಣಗಿರುತ್ತದೆ. ಆರ್ದ್ರತೆ ಶೇಕಡಾ 80ಕ್ಕೆ ಇಳಿಯುವ ಊರಿನಲ್ಲಿ ಅರ್ಧ ಇಂಚೂ ಹೇಗೋ ನಡೆದೀತು. ಬಯಲುಸೀಮೆಯ ಅನುಭವದಿಂದ ಕೆಲಸ ಮಾಡುವವರು ನಮ್ಮಲ್ಲಿಗೆ ಬಂದು ಎಡವುವುದು ಇಲ್ಲಿಯೇ.

ಹಾಗಾದರೆ ಮೇ ತಿಂಗಳ ಉರಿಯಲ್ಲಿ ಏಕೆ ಬೆವರಲಿಲ್ಲ? ನಮ್ಮ ದಾರಿ ತಪ್ಪಿಸಿದ್ದು ಇದೇ ಪ್ರಶ್ನೆ. ಕರಾವಳಿಯ ಮೇ ತಿಂಗಳಿನಲ್ಲೂ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ ಇರುತ್ತದೆ, ಮಳೆಗಾಲಕ್ಕಿಂತ ಬಹಳ ಕಡಮೆಯೇನಲ್ಲ. ಆದರೆ ಹೆಂಚು ಕಾದು ಅಟ್ಟ 40 ಡಿಗ್ರಿಗೆ ಏರಿರುತ್ತದೆ. ಆ ಬಿಸಿಗೆ ಹೊದಿಕೆಯ ಹೊರಮೈಯೂ 34ರ ಹತ್ತಿರ ಹೋಗುವುದರಿಂದ ನೀರು ಕೂರಲು ಜಾಗವಿಲ್ಲ. ಮಳೆ ಹಿಡಿದು ಅಟ್ಟ ತಂಪಾದಾಗ ಹೊರಮೈ ಕೆಳಗಿಳಿದು ಇಬ್ಬನಿ ಬಿಂದುವಿಗಿಂತ ಕೆಳಗೆ ಬೀಳುತ್ತದೆ. ಆದ್ದರಿಂದ ಅಟ್ಟ ತಂಪಾದಷ್ಟೂ ಕೊಳವೆ ಬೆವರುತ್ತದೆ, ಹಗಲಿಗಿಂತ ರಾತ್ರಿ ಹೆಚ್ಚು. ಮಳೆಯೂ ಬೆವರೂ ಒಟ್ಟಿಗೆ ಬರುವುದರಿಂದ ಹೆಂಚಿನ ಮೇಲೆ ಅಪವಾದ.

ಯಾವುದರ ನೀರೆಂದು ತಿಳಿಯಲು ಸುಲಭ ಉಪಾಯವುಂಟು. ಜೋರು ಮಳೆಯ ದಿನ ಯಂತ್ರ ನಿಲ್ಲಿಸಿ ಒಂದು ದಿನ ಕಾಯಿರಿ. ಹೊದಿಕೆಯಲ್ಲಿ ನಿಂತ ನೀರು ಬಸಿದ ಮೇಲೂ ಹನಿ ಬೀಳುತ್ತಿದ್ದರೆ ಹೆಂಚು ನೋಡಿ. ನಿಂತುಹೋದರೆ ತಪ್ಪು ಯಂತ್ರದ ಕಡೆಯದು. ಅಲ್ಲಿಯೂ ಎರಡು ಬಗೆ: ಯಂತ್ರದ ಹತ್ತಿರ ಒಂದೇ ಕಡೆ ನೀರಾದರೆ ಬಹುಶಃ ಅದರ ನೀರಿನ ತಟ್ಟೆಯ ನಳಿಗೆ ಕಟ್ಟಿದೆ, ಕೊಳವೆಯ ಉದ್ದಕ್ಕೂ ಅಲ್ಲಲ್ಲಿ ಆದರೆ ಬೆವರು.

ನಾವು ಹೊದಿಕೆ ಬಿಚ್ಚಿಸಿ ನೋಡಿದೆವು. ಒಳಗಿನ ಗ್ಲಾಸ್‌ವೂಲ್ ಹಿಂಡಿದರೆ ನೀರು ಬರುವಂತಿತ್ತು. ಮೇಲಿನ ಅಲ್ಯುಮಿನಿಯಂ ಹಾಳೆ ಇರುವುದು ಚಂದಕ್ಕಲ್ಲ, ಹೊರಗಿನ ಆವಿ ಒಳಗೆ ನುಗ್ಗದಂತೆ ತಡೆಯಲಿಕ್ಕೆ. ಅದರ ಟೇಪು ಎದ್ದಿತ್ತು, ಎರಡು ಕಡೆ ಹರಿದಿತ್ತು. ಆ ಬಿರುಕಿನಿಂದ ಆವಿ ಒಳಹೊಕ್ಕು ತಣ್ಣನೆಯ ತಗಡಿನ ಮೇಲೆಯೇ ನೀರಾಗಿದೆ. ಒದ್ದೆಯಾದ ಉಣ್ಣೆ ಶಾಖ ತಡೆಯುವುದಿಲ್ಲ. ಹೊರಮೈ ಇನ್ನೂ ತಣ್ಣಗಾಗಿ ಇನ್ನಷ್ಟು ಬೆವರು. ತೂಗುಹಾಕಿದ ಕಬ್ಬಿಣದ ಪಟ್ಟಿ ಹೊದಿಕೆಯನ್ನು ಅಮುಕಿದ ಜಾಗದಲ್ಲಿ ಅರ್ಧ ಇಂಚು ಕಾಲು ಇಂಚಾಗಿತ್ತು. ಎರಡು ಕೊಳವೆಗಳು ಒಂದಕ್ಕೊಂದು ತಾಗಿಕೊಂಡು ಹೋಗುವಲ್ಲಿ, ಕೊಳವೆ ತೊಲೆಯ ಮೇಲೆ ಒರಗಿದಲ್ಲಿ ಗಾಳಿಯಾಡದೆ ಅತಿ ಹೆಚ್ಚು ನೀರು. ಚೀಲಗಳನ್ನು ಜೋಡಿಸಿದ್ದದ್ದು ಸರಿಯಾಗಿ ಅದರ ಕೆಳಗೆ. ಇನ್ನೊಂದು ಮಾತು ನಮಗೂ ಸೋಜಿಗವಾಗಿ ಕಂಡಿತು: ಹೊಳೆಯುವ ಹಾಳೆ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದು ಕಡಮೆಯಾದ್ದರಿಂದ ಅದರ ಮೈ ಕಪ್ಪು ಹೊದಿಕೆಗಿಂತ ತುಸು ತಣ್ಣಗೇ ಉಳಿದು ಬೇಗ ಬೆವರುತ್ತದೆ.

ದುರಸ್ತಿಯನ್ನು ಹೀಗೆ ಮಾಡಿಸಿದೆವು. ಒದ್ದೆ ಉಣ್ಣೆಯನ್ನು ಒಣಗಿಸುವ ಆಸೆ ಬಿಟ್ಟು ಎಸೆದದ್ದಾಯಿತು. ತಗಡಿನ ಕೀಲುಗಳಿಗೆಲ್ಲ ಮ್ಯಾಸ್ಟಿಕ್ ಬಳಿದು ತಂಪು ಗಾಳಿ ಸೋರದಂತೆ ಮಾಡಿದೆವು. ಬಳಿಕ ಕಪ್ಪು ನೈಟ್ರೈಲ್ ರಬ್ಬರಿನ ಒಂದು ಇಂಚಿನ ಹಾಳೆಯನ್ನು ಎರಡು ಪದರ, ಕೆಳಗಿನ ಜೋಡಣೆಯ ಮೇಲೆ ಮೇಲಿನ ಜೋಡಣೆ ಬಾರದಂತೆ, ಅಂಟಿಸಿದರು. ಇದರ ಗುಳ್ಳೆಗಳೆಲ್ಲ ಮುಚ್ಚಿದ ಗುಳ್ಳೆಗಳು. ಆವಿ ಸುಲಭವಾಗಿ ನುಸುಳುವುದಿಲ್ಲ. ತೂಗುವ ಪಟ್ಟಿಯನ್ನು ಹೊದಿಕೆಯ ಹೊರಗೆ, ಅಗಲ ಹಲಗೆಯ ಆಸರೆ ಕೊಟ್ಟು ಕಟ್ಟಿಸಿದೆವು. ಕೊಳವೆಗಳ ನಡುವೆ ಒಂದು ಗೇಣು ಜಾಗ ಬಿಡಿಸಿದೆವು. ಖರ್ಚು ಹೆಂಚಿನದಕ್ಕಿಂತ ಹೆಚ್ಚೇ ಆಯಿತು.

ಅಟ್ಟಕ್ಕೆ ಕಿಟಕಿ ಇಟ್ಟು ಗಾಳಿಯಾಡಿಸಿದರೆ ಸಾಲದೇ ಎಂದು ಕೆಲವರು ಕೇಳಿದ್ದಾರೆ. ಒಣ ಹವೆಯ ನಾಡಿನಲ್ಲಿ ಅದು ಸರಿ. ನಮ್ಮಲ್ಲಿ ಜುಲೈ ತಿಂಗಳ ಗಾಳಿಯನ್ನು ಒಳಗೆ ಬಿಟ್ಟುಕೊಂಡರೆ ನೀರನ್ನು ಕರೆದು ಕೂರಿಸಿದಂತೆ. ಇದೇ ಗಾಳಿಗೆ ಕಾಫಿ ಬೀಜ ಒಡ್ಡಿ, ಉಬ್ಬಿಸಿ, ಬಣ್ಣ ತಿರುಗಿಸಿ ಮಾನ್ಸೂನ್ಡ್ ಮಲಬಾರ್ ಮಾಡುವುದು ಮಂಗಳೂರಿನ ಕಡೆ ಹಳೆಯ ಉದ್ಯೋಗ. ಅದರ ಶಕ್ತಿ ಏನೆಂದು ಕಾಫಿಯವರಿಗೆ ಹೇಳಬೇಕಾಗಿಲ್ಲ. ಯಂತ್ರವನ್ನು 18 ಡಿಗ್ರಿಗೆ ಇಟ್ಟುಕೊಳ್ಳುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. 24, 25 ಇಟ್ಟರೆ ಯಂತ್ರ ಒಂದೇ ಸಮನೆ ದುಡಿಯುವುದು ತಪ್ಪಿ ಕೊಳವೆಗೂ ಬಿಡುವು ಸಿಗುತ್ತದೆ. ಅಂದಹಾಗೆ ಈ ಯಂತ್ರ ಹುಟ್ಟಿದ್ದೇ ತೇವದ ಕಾಟದಿಂದ. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಅದನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಅಚ್ಚು ಕೆಡುತ್ತಿದ್ದುದನ್ನು ತಡೆಯಲು.

ಹೊಸ ಮನೆ ಕಟ್ಟುವವರು ಕೊಳವೆಯನ್ನು ಅಟ್ಟಕ್ಕೆ ಹತ್ತಿಸದೆ ತಂಪಾಗುವ ಕೋಣೆಯೊಳಗೇ, ಮುಚ್ಚಿಗೆಯ ಕೆಳಗೆ ಒಯ್ಯುವುದು ಎಲ್ಲಕ್ಕಿಂತ ಉತ್ತಮ. ಅಲ್ಲಿನ ಗಾಳಿಯ ತೇವವನ್ನು ಯಂತ್ರವೇ ತೆಗೆದಿರುವುದರಿಂದ ಬೆವರುವ ಭಯ ಬಹಳ ಕಡಮೆ. ನೋಟಕ್ಕೆ ಚೆನ್ನಾಗಿಲ್ಲವೆಂದು ಮನೆಯ ಹೆಂಗಸರ ಆಕ್ಷೇಪ ಬರಬಹುದು; ನಮ್ಮ ಮನೆಯಲ್ಲೂ ಬಂದಿದೆ, ಇನ್ನೂ ತೀರ್ಮಾನವಾಗಿಲ್ಲ. ಈಗಾಗಲೇ ಅಟ್ಟದಲ್ಲಿ ಹಾಕಿಸಿಕೊಂಡವರು ಮಳೆಗೆ ಮುಂಚೆ ಒಮ್ಮೆ ಹತ್ತಿ ಟೇಪು, ಪಟ್ಟಿ, ತಾಗಿದ ಜಾಗ ನೋಡಿಕೊಳ್ಳಬೇಕು. ರಬ್ಬರ್ ಹಾಳೆಯ ತುಂಡೊಂದನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ, ಬಂದು ಮುಟ್ಟಿ ನೋಡಬಹುದು.

ಆ ಸದಸ್ಯರ ಅಟ್ಟ ಈಗ ಒಣಗಿದೆ. ಆದರೂ ಈ ವರ್ಷದ ಚಾಲಿಯನ್ನು ಅಜ್ಜಿ ಅಲ್ಲಿಗೆ ಹತ್ತಿಸಲು ಬಿಟ್ಟಿಲ್ಲ.