ಮೂಲೆಯ ನಾಲ್ಕು ಸಾಲು

ನಮ್ಮ ಪತ್ರಿಕೆಯ ಎರಡನೆಯ ಪುಟದ ಕೆಳಮೂಲೆಯಲ್ಲಿ ಪ್ರತಿದಿನವೂ ನಾಲ್ಕು ಸಾಲುಗಳ ಸಣ್ಣ ಚೌಕಟ್ಟೊಂದು ಅಚ್ಚಾಗುವುದನ್ನು ವಾಚಕರು ಬಲ್ಲರಷ್ಟೆ. ಒಂದು ದಿನ ಹಳೆಯ ಪದವೊಂದರ ಅರ್ಥ, ಮತ್ತೊಂದು ದಿನ ಹಬ್ಬವೊಂದರ ಹಿನ್ನೆಲೆ, ಇನ್ನೊಂದು ದಿನ ಯಾವುದೋ ವೀರಗಲ್ಲಿನ ವಿಚಾರ. ಸಂಪಾದಕೀಯವನ್ನು ಓದದವರೂ ಇದನ್ನು ತಪ್ಪದೆ ಓದುತ್ತಾರೆ. ಅದರಿಂದ ನಮಗೆ ಸ್ವಲ್ಪ ಅಸಮಾಧಾನವೂ ಉಂಟು. ವೈಟ್‌ಫೀಲ್ಡಿನ ಕಚೇರಿಗಳಲ್ಲಿಯೂ ಪೀಣ್ಯದ ಕಾರ್ಖಾನೆಗಳಲ್ಲಿಯೂ ಆ ಸಾಲುಗಳನ್ನು ಬೆಳಗಾಗುತ್ತಲೇ ಹಲಗೆಯ ಮೇಲೆ ಬರೆದಿಡುವ ಪುಣ್ಯಾತ್ಮರಿದ್ದಾರೆ. ಆದಕಾರಣ ಆ ಮೂಲೆಯಲ್ಲಿ ಆಗತಕ್ಕ ತಪ್ಪು ಸಣ್ಣ ತಪ್ಪಲ್ಲ.

ಅಂಥ ತಪ್ಪೊಂದನ್ನು ನಾವೇ ಮಾಡಿದೆವು. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ, ಹಸಿದು, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದು, ಆ ಸ್ಥಳಕ್ಕೆ ಬೆಂದಕಾಳೂರೆಂದು ಹೆಸರಿಟ್ಟನೆಂಬ ಕಥೆಯನ್ನು ಇತಿಹಾಸವೆಂಬ ತಲೆಬರಹದ ಕೆಳಗೆ ಅಚ್ಚುಹಾಕಿಬಿಟ್ಟೆವು. ಮೂರನೆಯ ದಿನ ಬೇಗೂರಿನ ವಾಚಕರೊಬ್ಬರಿಂದ ಕಾಗದ ಬಂದಿತು. ಅದರಲ್ಲಿ ಇದ್ದುದು ಒಂದೇ ಪ್ರಶ್ನೆ: “ಸ್ವಾಮಿ, ನಮ್ಮೂರಿನ ಕಲ್ಲನ್ನು ತಾವು ಒಮ್ಮೆಯಾದರೂ ನೋಡಿರುವಿರಾ?”

ನೋಡಿರಲಿಲ್ಲ. ಮಾರನೆಯ ಭಾನುವಾರ ಹೋದೆವು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳಿಂದ ಹೆಚ್ಚು ದೂರವಿಲ್ಲದ ಬೇಗೂರು ಗಂಗರ ಕಾಲದಲ್ಲಿ ಬೆಂಪೂರು ಎನಿಸಿಕೊಂಡಿದ್ದ ಊರು; ಹನ್ನೆರಡು ಹಳ್ಳಿಗಳ ಒಂದು ನಾಡಿಗೆ ಅದು ಮುಖ್ಯಸ್ಥಳವಾಗಿತ್ತು. ಅಲ್ಲಿಯ ನಾಗನಾಥೇಶ್ವರ ದೇವಾಲಯದ ಆವರಣದಲ್ಲಿರುವ, ಯಾವ ಆಡಂಬರವೂ ಇಲ್ಲದ ಒಂದು ಕಲ್ಲಿನ ಮೇಲೆ, ಬೆಂಗಳೂರಿನ ಕಾಳಗದಲ್ಲಿ ನಾಗತರನ ಮಗ ಬುಟ್ಟಣನು ಮಡಿದನೆಂದು ಹಳಗನ್ನಡದಲ್ಲಿ ಕೆತ್ತಲಾಗಿದೆ. ಕಾಲ ಸುಮಾರು ಕ್ರಿ. ಶ. 890 ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕಥೆಯ ಬಲ್ಲಾಳನನ್ನು ಇಮ್ಮಡಿ ಬಲ್ಲಾಳನೆಂದು ಹೇಳುವುದು ವಾಡಿಕೆ. ಆತನು ಪಟ್ಟಕ್ಕೆ ಬಂದುದು 1173ರಲ್ಲಿ. ಕಾಳು ಬೇಯುವುದಕ್ಕೆ ಮುನ್ನೂರು ವರ್ಷಗಳಷ್ಟು ಹಿಂದೆಯೇ ಹೆಸರು ಇತ್ತೆಂದಾಯಿತು! ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದರೆಂಬುದು ನಿಜವೇ. ಆದರೆ ಹೆಸರು ಅವರಿಗಿಂತಲೂ ಬಹು ಹಿಂದಿನದು. ಆ ಹೆಸರು ಹೊನ್ನೆಯ ಜಾತಿಯ ಬೆಂಗ ಮರದಿಂದ ಬಂದಿತೋ, ಬೆಣಚುಕಲ್ಲಿನಿಂದ ಬಂದಿತೋ ಎಂಬಲ್ಲಿ ವಿದ್ವಾಂಸರಲ್ಲಿ ಇನ್ನೂ ಏಕಾಭಿಪ್ರಾಯವಿಲ್ಲ.

ಆ ನಾಗತರನದೇ ಮತ್ತೊಂದು ಕಲ್ಲು ಇದೇ ಬೇಗೂರಿನಿಂದ ಬಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಹೋರಾಡಿ ನಾಗತರನು ಬಿದ್ದುದನ್ನು ಅದು ಹೇಳುತ್ತದೆ. ಆನೆ, ಕುದುರೆ, ಕಾಲಾಳು ಒಂದರ ಮೇಲೊಂದು ನುಗ್ಗುವ ಆ ಕೆತ್ತನೆಯ ಮುಂದೆ ಅರ್ಧ ಗಂಟೆ ನಿಂತವರಿಗೆ ಗಂಗರ ಕಾಲದ ಯುದ್ಧವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ತಂದೆಯ ಕಲ್ಲು ನಗರದಲ್ಲಿ, ಮಗನ ಕಲ್ಲು ಊರಿನಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಸಾವಿರಾರು ತರುಣರಲ್ಲಿ ಇವೆರಡನ್ನೂ ಕಂಡವರು ಎಷ್ಟು ಮಂದಿಯೋ!

ಹೆಸರುಗಳ ವಿಷಯದಲ್ಲಿ ನಮ್ಮ ಹೊರವಲಯದವರು ಎಚ್ಚರ ತಪ್ಪುವುದು ಸುಲಭ. ವೈಟ್‌ಫೀಲ್ಡ್ ಎಂದರೆ ಬಿಳಿಯರ ಬಯಲೆಂದು ಅನೇಕರು ತಿಳಿದಿದ್ದಾರೆ. ಅದು ಬಣ್ಣವಲ್ಲ, ಮನುಷ್ಯನ ಹೆಸರು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಬೇಸಾಯದ ವಸಾಹತಿಗಾಗಿ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟರು. ಆ ಸಂಘವನ್ನು ಸ್ಥಾಪಿಸಿದ ಡಿ. ಎಸ್. ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ಇತ್ತ ಎಲೆಕ್ಟ್ರಾನಿಕ್ ಸಿಟಿಯ ನೆಲದಲ್ಲಿದ್ದ ಕೋನಪ್ಪನ ಅಗ್ರಹಾರದ ಹೆಸರು ಈಗ ಮೆಟ್ರೋ ನಿಲ್ದಾಣದ ಫಲಕದಲ್ಲಿ ಉಳಿದುಕೊಂಡಿರುವುದು ಸಂತೋಷದ ಸಂಗತಿ.

ರಾಜ್ಯೋತ್ಸವದ ದಿನ ನಡೆಯುವ ತಪ್ಪು ಇನ್ನೂ ಸಾಮಾನ್ಯ. 1956ರ ನವೆಂಬರ್ 1ರಂದು ಕರ್ನಾಟಕವು ಉದಯಿಸಿತೆಂದು ಭಾಷಣಕಾರರು ಹೇಳುತ್ತಾರೆ. ಅಂದು ಒಂದುಗೂಡಿದ ನಾಡಿನ ಹೆಸರು ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದುದು ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು. ನಡುವಿನ ಹದಿನೇಳು ವರ್ಷಗಳ ಕಾಯುವಿಕೆಯನ್ನು ಮರೆತರೆ ಹೆಸರಿಗಾಗಿ ದುಡಿದವರನ್ನೇ ಮರೆತಂತಾಗುವುದು.

ಪೀಣ್ಯಕ್ಕೆ ಶಾಸನ ಬೇಡ, ಆಯುಧಪೂಜೆಯೊಂದೇ ಸಾಕು. ರಜೆಗೆ ಮುಂಚಿನ ದಿನವೇ ಯಂತ್ರಗಳ ಎಣ್ಣೆ ಜಿಡ್ಡನ್ನು ಒರಸಿ, ಲೇತಿಗೆ ಅರಿಸಿನ ಕುಂಕುಮವಿಟ್ಟು, ಬೂದುಗುಂಬಳವನ್ನೊಡೆದು, ಮಂಡಕ್ಕಿ ಹಂಚುವ ಆ ಸಂಭ್ರಮವನ್ನು ನೋಡಿಯೇ ತಿಳಿಯಬೇಕು. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ಆರಂಭಿಸಿದ ದಸರೆಯಲ್ಲಿ ಆಯುಧವೆಂದರೆ ಕತ್ತಿ ಗುರಾಣಿ. ಪೀಣ್ಯದ ಕೆಲಸಗಾರನಿಗೆ ಅದು ಸ್ಪ್ಯಾನರು. ಪದದ ಅರ್ಥವು ಅರಮನೆಯಿಂದ ಕಾರ್ಖಾನೆಗೆ ನಡೆದುಬಂದ ದಾರಿಯನ್ನು ನಿಘಂಟಿಗಿಂತ ಇದು ಚೆನ್ನಾಗಿ ತೋರಿಸುತ್ತದೆ. ಪೀಣ್ಯವು ಏಷ್ಯಾ ಖಂಡದಲ್ಲೇ ಅತಿ ದೊಡ್ಡ ಕೈಗಾರಿಕಾ ಪ್ರದೇಶವೆಂಬ ಮಾತನ್ನು ಮಾತ್ರ ನಾವು ಅಚ್ಚುಹಾಕಿಲ್ಲ. ಅಳತೆಯ ಲೆಕ್ಕವನ್ನು ಯಾರೂ ನಮಗೆ ತೋರಿಸಿಲ್ಲ.

ಇನ್ನು ಮುಂದೆ ಕಲ್ಲನ್ನೋ ಕಡತವನ್ನೋ ನೋಡದೆ ಆ ಚೌಕಟ್ಟನ್ನು ತುಂಬಬಾರದೆಂದು ಕಚೇರಿಯಲ್ಲಿ ಅಪ್ಪಣೆ ಮಾಡಿದ್ದೇವೆ. ಬೆಂದಕಾಳಿನ ಕಥೆ ಮತ್ತೆ ಬಂದರೆ ಕಥೆಯೆಂದೇ ಬರುವುದು. ಬರುವ ಸೋಮವಾರ ಕಾಡುಗೋಡಿಯ ಸರದಿ: ಪಟ್ಟಂದೂರು ಕೆರೆಯನ್ನು ಕಟ್ಟಿಸಿದ ವಿಚಾರವನ್ನು ಹೇಳುವ, ಚೋಳರ ಕಾಲದ, 1043ರ ಶಾಸನ. ಅದು ತಮಿಳಿನಲ್ಲಿದೆಯಲ್ಲಾ, ಕನ್ನಡದ ಪತ್ರಿಕೆಯಲ್ಲಿ ಏಕೆಂದು ನಮ್ಮ ಸಹಾಯಕರೊಬ್ಬರು ಕೇಳಿದರು. ಕೆರೆ ನಮ್ಮ ನೆಲದ್ದು, ನೀರು ಕುಡಿದವರು ನಮ್ಮವರು. ಅಚ್ಚಿಗೆ ಕಳುಹಿಸಿ ಎಂದೆವು.