ಕಿರುತೆರೆಯ ನಿಧಿ ಶೋಧ: ಅಗೆತ ನಿಜ, ಹೊನ್ನು?

1986ರ ಏಪ್ರಿಲ್ 21ರ ರಾತ್ರಿ ಅಮೆರಿಕದಲ್ಲಿ ಸುಮಾರು ಮೂರು ಕೋಟಿ ಜನ ಟಿ.ವಿ. ಮುಂದೆ ಕುಳಿತು ಒಂದು ಗೋಡೆ ಒಡೆಯುವುದನ್ನು ನೋಡಿದರು. ಷಿಕಾಗೊ ನಗರದ ಲೆಕ್ಸಿಂಗ್ಟನ್ ಹೋಟೆಲಿನ ನೆಲಮಾಳಿಗೆಯ ಗೋಡೆ ಅದು. ಮದ್ಯ ನಿಷೇಧದ ಕಾಲದಲ್ಲಿ ಕಳ್ಳ ಸಾರಾಯಿ ದಂಧೆ ನಡೆಸಿ ಕೋಟ್ಯಧೀಶನಾದ ಅಲ್ ಕಪೋನ್ 1928ರಿಂದ ಇದೇ ಹೋಟೆಲಿನಲ್ಲಿ ಬೀಡುಬಿಟ್ಟಿದ್ದ. 1931ರಲ್ಲಿ ಅವನಿಗೆ ಶಿಕ್ಷೆಯಾದದ್ದು ಕೊಲೆಗಾಗಿ ಅಲ್ಲ, ಆದಾಯ ತೆರಿಗೆ ತಪ್ಪಿಸಿದ್ದಕ್ಕಾಗಿ. ಅವನ ಹಣವೆಲ್ಲ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಆ ಗೋಡೆಯ ಹಿಂದೆ ಇದೆ ಎಂಬುದು ಕಾರ್ಯಕ್ರಮದವರ ಘೋಷಣೆ.

ಏರ್ಪಾಡಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಹೆಣ ಸಿಕ್ಕರೆ ಇರಲಿ ಎಂದು ಶವ ಪರೀಕ್ಷಕ ವೈದ್ಯರನ್ನು ಕರೆಸಲಾಗಿತ್ತು. ಹಣ ಸಿಕ್ಕರೆ ಇರಲಿ ಎಂದು ತೆರಿಗೆ ಇಲಾಖೆಯ ಅಧಿಕಾರಿಗಳು ಬಂದಿದ್ದರು. ನಿರೂಪಕ ಹೆರಾಲ್ಡೊ ರಿವೇರಾ ಎರಡು ಗಂಟೆ ಕಾಲ ಕಪೋನನ ಕಥೆ ಹೇಳುತ್ತಾ, ನಡುನಡುವೆ ಜಾಹೀರಾತಿಗೆ ಎಡೆಮಾಡಿಕೊಡುತ್ತಾ, ನೇರ ಪ್ರಸಾರದಲ್ಲಿ ಗೋಡೆ ಒಡೆಸಿದರು. ಒಳಗೆ ಸಿಕ್ಕಿದ್ದು ಮಣ್ಣು ಮತ್ತು ಕೆಲವು ಖಾಲಿ ಬಾಟಲಿಗಳು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನಲೂ ಇಲಿ ಇರಲಿಲ್ಲ.

ರಿವೇರಾ ಅವರ ವೃತ್ತಿ ಜೀವನ ಅಲ್ಲಿಗೆ ಮುಗಿಯಿತು ಎಂದು ನೀವು ಎಣಿಸಬಹುದು. ಆದದ್ದೇ ಬೇರೆ. ಅದಕ್ಕೆ ಮುಂಚೆ ಕೆಲಸ ಕಳೆದುಕೊಂಡಿದ್ದ ಅವರಿಗೆ 1987ರಲ್ಲಿ ತಮ್ಮದೇ ಹೆಸರಿನ ಕಾರ್ಯಕ್ರಮ ಸಿಕ್ಕಿತು. ಅದು 1998ರವರೆಗೆ ನಡೆಯಿತು. ನಿಧಿ ಸಿಗದಿದ್ದರೂ ಪ್ರೇಕ್ಷಕರು ಸಿಕ್ಕಿದ್ದರಲ್ಲ! ಅಂದು ಕಿರುತೆರೆಯ ಧಣಿಗಳು ಕಲಿತ ಪಾಠ ಇದು. ಗೋಡೆಯ ಹಿಂದೆ ಏನಿದೆ ಎಂಬುದು ಮುಖ್ಯವಲ್ಲ, ಗೋಡೆ ಒಡೆಯಲು ಎಷ್ಟು ಹೊತ್ತು ಬೇಕು ಎಂಬುದು ಮುಖ್ಯ.

ಈ ಬಗೆಯ ಕಾರ್ಯಕ್ರಮಗಳು ಅಸಲಿಯೋ ನಕಲಿಯೋ ಎಂದು ಕೇಳುವವರು ಸಾಮಾನ್ಯವಾಗಿ ಒಂದೇ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ: ಸಿಕ್ಕ ವಸ್ತುವನ್ನು ಮೊದಲೇ ಅಲ್ಲಿ ತಂದಿಟ್ಟಿದ್ದರೇ? ಅಂತಹ ಆರೋಪಗಳು ಬಂದದ್ದುಂಟು. ಬಾಡಿಗೆ ಕಟ್ಟದೆ ಬಿಟ್ಟುಹೋದ ಗೋದಾಮುಗಳ ಸಾಮಾನನ್ನು ಹರಾಜಿನಲ್ಲಿ ಕೊಳ್ಳುವ 'ಸ್ಟೋರೇಜ್ ವಾರ್ಸ್' ಎಂಬ ಅಮೆರಿಕದ ಕಾರ್ಯಕ್ರಮದಲ್ಲಿ ಪಾಲ್ಗೊಂಡಿದ್ದವರೊಬ್ಬರು, ಬೆಲೆಬಾಳುವ ವಸ್ತುಗಳನ್ನು ನಿರ್ಮಾಪಕರೇ ಒಳಗೆ ಸೇರಿಸುತ್ತಾರೆ ಎಂದು 2012ರಲ್ಲಿ ನ್ಯಾಯಾಲಯಕ್ಕೆ ಹೋದರು. 2014ರಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಟಿ.ವಿ. ರಸಪ್ರಶ್ನೆ ಸ್ಪರ್ಧೆಗಳಲ್ಲಿ ಉತ್ತರ ಮೊದಲೇ ಹೇಳಿಕೊಟ್ಟ ಹಗರಣ 1950ರ ದಶಕದಲ್ಲಿ ಬಯಲಾದ ಮೇಲೆ, ಸ್ಪರ್ಧೆಗಳಲ್ಲಿ ಮೋಸ ಮಾಡುವುದನ್ನು ಅಮೆರಿಕ 1960ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಆದರೆ ನಿಧಿ ಶೋಧ ಸ್ಪರ್ಧೆಯಲ್ಲ. ಅದನ್ನು ಮನರಂಜನೆ ಎಂದುಬಿಟ್ಟರೆ ಮುಗಿಯಿತು.

ಹಾಗೆ ನೋಡಿದರೆ ಕದ್ದು ತಂದಿಡುವ ಅಗತ್ಯವೇ ಹೆಚ್ಚಿನ ಕಾರ್ಯಕ್ರಮಗಳಿಗೆ ಇಲ್ಲ. ಕೆನಡಾದ ನೋವಾ ಸ್ಕೋಷಿಯ ಕರಾವಳಿಯಲ್ಲಿ ಓಕ್ ದ್ವೀಪ ಎಂಬ ಪುಟ್ಟ ದ್ವೀಪವಿದೆ. ಕಡಲ್ಗಳ್ಳ ಕ್ಯಾಪ್ಟನ್ ಕಿಡ್ ಅಲ್ಲಿ ಹಣ ಹೂತಿದ್ದಾನೆ ಎಂಬ ನಂಬಿಕೆಯಿಂದ 1795ರ ಸುಮಾರಿಗೆ ಆರಂಭವಾದ ಅಗೆತ ಇನ್ನೂ ನಿಂತಿಲ್ಲ. ಇದುವರೆಗೆ ಆರು ಜನ ಪ್ರಾಣ ಬಿಟ್ಟಿದ್ದಾರೆ. ಅವರಲ್ಲಿ ನಾಲ್ವರು ಸತ್ತದ್ದು 1965ರಲ್ಲಿ, ಒಂದೇ ದಿನ, ಒಂದೇ ಗುಂಡಿಯಲ್ಲಿ. ಅಲ್ಲಿನ ನೆಲದಡಿಯ ಸುಣ್ಣಕಲ್ಲು, ಜಿಪ್ಸಂ ಪದರಗಳು ನೀರಿನಲ್ಲಿ ಕರಗಿ ತಾವಾಗಿಯೇ ಕುಳಿ ಬೀಳುತ್ತವೆ. ಜನ ಕಂಡ 'ಗುಪ್ತ ಬಾವಿ' ಅಂತಹದೇ ಒಂದು ಕುಳಿ ಎಂಬ ವಿವರಣೆ ಬಹಳ ಹಿಂದಿನಿಂದಲೂ ಇದೆ. 'ಹಿಸ್ಟರಿ' ಚಾನೆಲ್ 2014ರಿಂದ ಈ ಅಗೆತವನ್ನು ತೋರಿಸುತ್ತಾ ಬಂದಿದೆ. ಒಂದು ಕಂತಿನಲ್ಲಿ ಮರದ ತುಂಡು, ಇನ್ನೊಂದರಲ್ಲಿ ಹಳೆಯ ನಾಣ್ಯ, ಮತ್ತೊಂದರಲ್ಲಿ ಮೊಳೆ. ಪ್ರತಿಯೊಂದಕ್ಕೂ 'ಇದು ಅದೇ ಆಗಿರಬಹುದೇ?' ಎಂಬ ಹಿನ್ನೆಲೆ ದನಿ. ದನಿ ಏನನ್ನೂ ಹೇಳುವುದಿಲ್ಲ, ಕೇಳುತ್ತದೆ ಅಷ್ಟೆ. ಪ್ರಶ್ನೆ ಸುಳ್ಳಾಗುವುದಿಲ್ಲವಲ್ಲ! ನಿಧಿ ಸಿಕ್ಕಿಬಿಟ್ಟರೆ ಧಾರಾವಾಹಿಯೇ ನಿಲ್ಲಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ನಗುವ ಮುನ್ನ ನಮ್ಮ ದೇಶದ ಕಡೆಗೂ ನೋಡಬೇಕು. 2013ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೇ ಗುದ್ದಲಿ ಹಿಡಿಯಿತು. 1857ರ ದಂಗೆಯ ನಂತರ ಬ್ರಿಟಿಷರು ನೇಣಿಗೇರಿಸಿದ ರಾಜಾ ರಾವ್ ರಾಂ ಬಕ್ಷ್ ಸಿಂಗ್ ಅವರ ಕೋಟೆಯಡಿ ಸಾವಿರ ಟನ್ ಚಿನ್ನವಿದೆ ಎಂದು ಸಾಧುವೊಬ್ಬರಿಗೆ ಕನಸು ಬಿದ್ದಿತ್ತು. ಟಿ.ವಿ. ವಾಹನಗಳು ಸಾಲುಗಟ್ಟಿದವು, ಊರೇ ಜಾತ್ರೆಯಾಯಿತು. ಸುಮಾರು ಒಂದು ತಿಂಗಳು ಅಗೆದ ಮೇಲೆ ಸಿಕ್ಕಿದ್ದು ಮಡಕೆ ಚೂರು, ಬಳೆ ಚೂರು, ಹಳೆಯ ನೆಲಗಟ್ಟು. ಇತಿಹಾಸ ತಿಳಿಯಲು ಅಗೆದಿದ್ದರೆ ಇವು ಬೆಲೆಯುಳ್ಳ ವಸ್ತುಗಳೇ. ಚಿನ್ನಕ್ಕಾಗಿ ಅಗೆದದ್ದರಿಂದ ಇವುಗಳ ಹೆಸರು 'ಏನೂ ಸಿಗಲಿಲ್ಲ' ಎಂದಾಯಿತು. ಕ್ಯಾಮೆರಾಗಳು ಮನೆಗೆ ಹೋದವು.

ಇಷ್ಟಕ್ಕೂ ಈ ದರೋಡೆಕೋರರು, ಕಡಲ್ಗಳ್ಳರು ಹಣವನ್ನು ನಿಜಕ್ಕೂ ನೆಲದಲ್ಲಿ ಹೂಳುತ್ತಿದ್ದರೇ? ಮೂಲ ಪ್ರಶ್ನೆ ಇದು. ಕಡಲ್ಗಳ್ಳರ ಲೂಟಿಯಲ್ಲಿ ಹೆಚ್ಚಿನ ಪಾಲು ಬಟ್ಟೆ, ಸಕ್ಕರೆ, ಸಂಬಾರ ಪದಾರ್ಥಗಳಂತಹ ಸರಕು. ಹೂತರೆ ಕೊಳೆಯುವಂಥದ್ದು. ಬಂದದ್ದನ್ನು ನಾವಿಕರೆಲ್ಲ ಪಾಲು ಹಂಚಿಕೊಳ್ಳುವುದು ಅವರ ಕಟ್ಟಳೆ. ನಾಳೆ ನೇಣಿಗೇರುವವನು ಮುಪ್ಪಿನ ಕಾಲಕ್ಕೆಂದು ಹಣ ಕೂಡಿಡುವುದಿಲ್ಲ. ಮುಂದಿನ ಬಂದರಿನಲ್ಲಿ ಕುಡಿದು, ಜೂಜಾಡಿ ಮುಗಿಸುತ್ತಾನೆ. ನಕಾಶೆ, ಅದರ ಮೇಲೊಂದು ಗೀಟು, ಅದರಡಿ ಪೆಟ್ಟಿಗೆ, ಇವೆಲ್ಲ ನಮ್ಮ ತಲೆಯಲ್ಲಿ ಕುಳಿತದ್ದು 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್ನರ 'ಟ್ರೆಷರ್ ಐಲೆಂಡ್' ಕಾದಂಬರಿಯಿಂದ.

ಹೂತದ್ದು ಖಚಿತವಾಗಿ ಗೊತ್ತಿರುವ ಅಪರೂಪದವರಲ್ಲಿ ಒಬ್ಬ ಇದೇ ವಿಲಿಯಂ ಕಿಡ್. ಕಡಲ್ಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ರಾಜನಿಂದ ಸನ್ನದು ಪಡೆದು 1696ರಲ್ಲಿ ಹೊರಟ ಈತ ತಾನೇ ಕಳ್ಳನಾದ. ನಮ್ಮ ಕಾರವಾರಕ್ಕೂ ಬಂದಿದ್ದ. 1697ರ ಸೆಪ್ಟೆಂಬರ್‌ನಲ್ಲಿ ಸೌದೆ, ನೀರು ತುಂಬಿಕೊಳ್ಳಲು ಅವನ 'ಅಡ್ವೆಂಚರ್ ಗ್ಯಾಲಿ' ಹಡಗು ಅಲ್ಲಿ ಲಂಗರು ಹಾಕಿತು. ಈಸ್ಟ್ ಇಂಡಿಯಾ ಕಂಪೆನಿಯ ಕೋಠಿ ಅಲ್ಲಿತ್ತು. ಕೆಲವು ನಾವಿಕರು ಅಲ್ಲಿಯೇ ಹಡಗು ಬಿಟ್ಟು ಓಡಿ, ಯಜಮಾನನ ಬಣ್ಣ ಬಯಲು ಮಾಡಿದರು. ಮರುವರ್ಷ ಜನವರಿಯಲ್ಲಿ ಕೊಚ್ಚಿಯ ಬಳಿ ಕಿಡ್ 'ಕ್ವೆಡಾ ಮರ್ಚೆಂಟ್' ಎಂಬ ದೊಡ್ಡ ಹಡಗನ್ನು ಹಿಡಿದ. ಬಂಗಾಳದಿಂದ ಸೂರತ್ತಿಗೆ ಹೊರಟಿದ್ದ ಅದರಲ್ಲಿ ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು ತುಂಬಿತ್ತು. ಸರಕು ಅರ್ಮೇನಿಯನ್ ವರ್ತಕರದು. ಮೊಗಲ್ ಆಸ್ಥಾನದ ದೊಡ್ಡವರ ಪಾಲೂ ಇತ್ತು. ಔರಂಗಜೇಬನ ಆಸ್ಥಾನ ಕೆರಳಿತು, ಕಂಪೆನಿಗೆ ನಡುಕ ಹುಟ್ಟಿತು, ಕಿಡ್ ಎಲ್ಲರಿಗೂ ಬೇಕಾದ ಅಪರಾಧಿಯಾದ.

1699ರಲ್ಲಿ ಅಮೆರಿಕಕ್ಕೆ ಮರಳಿದ ಕಿಡ್, ನ್ಯೂಯಾರ್ಕ್ ಬಳಿಯ ಗಾರ್ಡಿನರ್ಸ್ ದ್ವೀಪದಲ್ಲಿ ಚಿನ್ನ ಬೆಳ್ಳಿ ಹೂತ. ಇದೇನೂ ಗುಟ್ಟಾಗಿರಲಿಲ್ಲ, ದ್ವೀಪದ ಒಡೆಯನಿಗೆ ಗೊತ್ತಿತ್ತು. ಗವರ್ನರನೊಡನೆ ಚೌಕಾಶಿ ಮಾಡಲು ಒಂದು ಹಿಡಿತವಿರಲಿ ಎಂಬುದು ಕಿಡ್‌ನ ಲೆಕ್ಕ. ಗವರ್ನರ್ ಬೆಲ್ಲಮಾಂಟ್ ಅವನನ್ನು ಬಾಸ್ಟನ್ನಿನಲ್ಲಿ ಸೆರೆಹಿಡಿದು, ಕೆಲವೇ ವಾರಗಳಲ್ಲಿ ಎಲ್ಲವನ್ನೂ ತೆಗೆಸಿ ಪಟ್ಟಿ ಮಾಡಿಸಿದ. ಬೇರೆ ಕಡೆ ಸಿಕ್ಕಿದ್ದೂ ಸೇರಿ ಸಾವಿರಕ್ಕೂ ಹೆಚ್ಚು ಔನ್ಸ್ ಚಿನ್ನ, ಎರಡು ಸಾವಿರಕ್ಕೂ ಹೆಚ್ಚು ಔನ್ಸ್ ಬೆಳ್ಳಿ. ಅದೆಲ್ಲ ಲಂಡನ್ನಿಗೆ ಹೋಯಿತು. ಅದನ್ನು ಮಾರಿ ಬಂದ ಹಣ ಗ್ರೀನಿಚ್‌ನ ನಾವಿಕರ ಆಸ್ಪತ್ರೆಗೆ ಸಂದಿತು. ಕಿಡ್‌ನನ್ನು 1701ರ ಮೇ 23ರಂದು ನೇಣಿಗೇರಿಸಿದರು. ಮೊದಲ ಸಲ ಹಗ್ಗ ಹರಿದು, ಎರಡನೆಯ ಸಲ ಏರಿಸಬೇಕಾಯಿತು. ಹೂತ ನಿಧಿ ಅಂದೇ ಸಿಕ್ಕಿ, ಲೆಕ್ಕಕ್ಕೆ ಜಮೆಯಾಗಿದೆ. ಓಕ್ ದ್ವೀಪದವರು ಹುಡುಕಲು ಹೊರಟದ್ದು ಇದಾದ ಮೇಲೆ ತೊಂಬತ್ತು ವರ್ಷಕ್ಕೆ!

ಆದರೂ ಕಿಡ್‌ನ ಹೆಸರಿಗಿರುವ ಬೆಲೆ ಇಳಿದಿಲ್ಲ. 2015ರ ಮೇ ತಿಂಗಳಲ್ಲಿ ಮಡಗಾಸ್ಕರ್ ಬಳಿಯ ಸೇಂಟ್ ಮೇರಿ ದ್ವೀಪದಲ್ಲಿ ಅಮೆರಿಕದ ಸಮುದ್ರ ಶೋಧಕ ಬ್ಯಾರಿ ಕ್ಲಿಫರ್ಡ್ ನೀರಿನಡಿಯಿಂದ 50 ಕಿಲೋ ತೂಕದ ಲೋಹದ ಗಟ್ಟಿಯೊಂದನ್ನು ಮೇಲೆತ್ತಿದರು. ಕಿಡ್‌ನ ಬೆಳ್ಳಿ ಎಂದು ಅದನ್ನು ಮಡಗಾಸ್ಕರ್ ಅಧ್ಯಕ್ಷರಿಗೆ ಒಪ್ಪಿಸಲಾಯಿತು. ಟಿ.ವಿ. ಚಿತ್ರ ತಯಾರಿಸುವವರ ತಂಡ ಜೊತೆಯಲ್ಲಿತ್ತು, ಸುದ್ದಿ ಪ್ರಪಂಚವೆಲ್ಲ ಹರಡಿತು. ಕ್ಲಿಫರ್ಡ್ ಅನಾಮಧೇಯರೇನಲ್ಲ. 1717ರಲ್ಲಿ ಮುಳುಗಿದ 'ವಿಡಾ' ಎಂಬ ಕಡಲ್ಗಳ್ಳರ ಹಡಗನ್ನು 1984ರಲ್ಲಿ ಅಮೆರಿಕದ ಕೇಪ್ ಕಾಡ್ ಬಳಿ ಪತ್ತೆಹಚ್ಚಿ, ಹೆಸರು ಕೆತ್ತಿದ ಗಂಟೆಯನ್ನೇ ಎತ್ತಿ ತಂದವರು. ಆದರೆ ಈ ಬಾರಿ ಯುನೆಸ್ಕೊ ತಜ್ಞರು ಪರೀಕ್ಷಿಸಿ ಜುಲೈನಲ್ಲಿ ವರದಿ ಕೊಟ್ಟಾಗ ಗಟ್ಟಿಯಲ್ಲಿ ಬೆಳ್ಳಿಯೇ ಇರಲಿಲ್ಲ. ಶೇ. 95 ಸೀಸ. ಹಡಗಿನ ಅವಶೇಷ ಎಂದದ್ದು ಬಂದರಿನ ಹಳೆಯ ಕಟ್ಟಡದ ಮುರುಕು ಎಂದು ಅವರು ತೀರ್ಮಾನಿಸಿದರು. ಬೆಳ್ಳಿಯ ಸುದ್ದಿ ಮುಖಪುಟದಲ್ಲಿ ಬಂದಿತ್ತು. ಸೀಸದ ಸುದ್ದಿ ಎಷ್ಟು ಜನರಿಗೆ ತಲುಪಿತೋ!

ಇಲ್ಲಿ ಯಾರಾದರೂ ಗಟ್ಟಿಯನ್ನು ತಂದಿಟ್ಟರು ಎಂದು ಯಾರೂ ಹೇಳುತ್ತಿಲ್ಲ. ಗಟ್ಟಿ ಅಸಲಿ, ನೀರು ಅಸಲಿ, ಮುಳುಗಿದವರೂ ಅಸಲಿ. ಪರೀಕ್ಷೆಗೆ ಮುನ್ನವೇ ಹೆಸರಿಟ್ಟದ್ದೇ ಎಡವಟ್ಟು. ಪ್ರಯೋಗಾಲಯದ ಉತ್ತರಕ್ಕೆ ಎರಡು ತಿಂಗಳು ಕಾಯುವ ತಾಳ್ಮೆ ಕ್ಯಾಮೆರಾಕ್ಕೆ ಇರುವುದಿಲ್ಲ.

ಕಿಡ್ ಹಿಡಿದ ಆ 'ಕ್ವೆಡಾ ಮರ್ಚೆಂಟ್' ಹಡಗೇನಾಯಿತು? ಅವನು ಅದನ್ನು ಕೆರಿಬಿಯನ್ ಸಮುದ್ರದಲ್ಲಿ ಬಿಟ್ಟು ಬಂದಿದ್ದ. 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕಟಲಿನಾ ದ್ವೀಪದ ಅಂಚಿನಲ್ಲಿ, ಆಳವಿಲ್ಲದ ನೀರಿನಲ್ಲಿ ಬಿದ್ದಿದ್ದ ಫಿರಂಗಿಗಳ ರಾಶಿಯನ್ನು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು ಪರೀಕ್ಷಿಸತೊಡಗಿದರು. ಚಿನ್ನದ ಮಾತೇ ಇಲ್ಲ. ಅವರು ನೋಡಿದ್ದು ಮರ ಯಾವುದು, ಹಲಗೆ ಜೋಡಿಸಿದ ರೀತಿ ಯಾವುದು, ತಳದಲ್ಲಿ ಭಾರಕ್ಕೆ ಹಾಕಿದ ಕಲ್ಲು ಎಲ್ಲಿಯದು ಎಂದು. ಮರ ತೇಗ. ಹಲಗೆಯ ಜೋಡಣೆ ಭಾರತದ ಹಡಗು ಕಟ್ಟುವವರದು. ಕಲ್ಲು ದಖ್ಖನಿನದು. 2011ರಲ್ಲಿ ಆ ಜಾಗವನ್ನು ನೀರಿನಡಿಯ ವಸ್ತು ಸಂಗ್ರಹಾಲಯ ಎಂದು ಘೋಷಿಸಿ, ಫಿರಂಗಿಗಳನ್ನು ಇದ್ದಲ್ಲಿಯೇ ಬಿಟ್ಟಿದ್ದಾರೆ. ಈಜು ಬಲ್ಲವರು ಹೋಗಿ ನೋಡಿ ಬರಬಹುದು.