ಮಕ್ಕಳ ಲಸಿಕೆಯೂ ಜನರ ನಂಬಿಕೆಯೂ

ಲಸಿಕೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಹಳ್ಳಿಗೆ ಕಳುಹಿಸಬಹುದು. ನಂಬಿಕೆಯನ್ನು ಹಾಗೆ ಕಳುಹಿಸಲು ಬರುವುದಿಲ್ಲ. ಕಲಬುರಗಿ ಜಿಲ್ಲೆಯ ಜೇವರ್ಗಿ ಸೀಮೆಯ ಯಾವ ಹಳ್ಳಿಯನ್ನು ನೆನೆದರೂ ಈ ಮಾತು ಅನ್ವಯಿಸುತ್ತದೆ. ಸರ್ಕಾರದ ಲಸಿಕೆಗೆ ಅಲ್ಲಿ ಬೆಲೆ ತೆರಬೇಕಾಗಿಲ್ಲ. ಆದರೂ ಕೆಲವು ಕೂಸುಗಳ ಸರದಿ ತಪ್ಪಿಹೋಗುತ್ತದೆ. ಇದಕ್ಕೆ ಪಟ್ಟಣದ ವಿದ್ಯಾವಂತರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಜನರ ಅಜ್ಞಾನ. ಈ ಉತ್ತರವು ಹೇಳುವವರಿಗೆ ಸುಖಕರವಾದುದೇ ಹೊರತು ಸಮರ್ಪಕವಾದುದಲ್ಲವೆಂಬುದನ್ನು ಈ ಹೊತ್ತು ವಿಚಾರಮಾಡಬೇಕೆಂದಿದ್ದೇವೆ.

ಮೊದಲು ತಾಯಿಯ ದೃಷ್ಟಿಯಿಂದ ನೋಡೋಣ. ಇತರ ಔಷಧಗಳನ್ನು ರೋಗಿಗೆ ಕೊಡುತ್ತಾರೆ; ಲಸಿಕೆಯನ್ನಾದರೋ ನಗುನಗುತ್ತಿರುವ ಮಗುವಿಗೆ ಹಾಕುತ್ತಾರೆ. ಬಾರದೆಹೋದ ರೋಗವು ಯಾರ ಕಣ್ಣಿಗೂ ಬೀಳುವುದಿಲ್ಲ; ಸೂಜಿಯ ನೋವು, ರಾತ್ರಿಯ ಜ್ವರ, ತೊಡೆಯ ಬಾವು ಇವು ಮಾತ್ರ ಕಾಣುತ್ತವೆ. ಅಷ್ಟೇ ಅಲ್ಲ, ಲಸಿಕೆಯ ಜಯವೇ ಅದಕ್ಕೆ ಒಂದು ವಿಘ್ನವಾಗಿದೆ. 1975ರ ಮೇ ತಿಂಗಳ ತರುವಾಯ ನಮ್ಮ ದೇಶದಲ್ಲಿ ಸಿಡುಬು ಕಾಣಿಸಲಿಲ್ಲ. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಇಲ್ಲಿ ವರದಿಯಾದುದು 2011ರ ಜನವರಿಯಲ್ಲಿ. ಆ ರೋಗಗಳನ್ನು ಕಂಡಿದ್ದ ಅಜ್ಜಿಯರಿಗೆ ಲಸಿಕೆಯ ಬೆಲೆಯನ್ನು ಹೇಳಿಕೊಡಬೇಕಾಗಿರಲಿಲ್ಲ. ಕಾಣದ ಮೊಮ್ಮಕ್ಕಳಿಗೆ ಹೇಳಬೇಕಾಗಿದೆ.

ಸಂದೇಹವು ಹೊಸದೂ ಅಲ್ಲ, ಯಾವಾಗಲೂ ನಿರಾಧಾರವಾದುದೂ ಅಲ್ಲ. ಜೆನ್ನರನು 1796ರಲ್ಲಿ ಕಂಡುಕೊಂಡ ಗೋಸಿಡುಬಿನ ಲಸಿಕೆಯು 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಬಾಲೆಯೊಬ್ಬಳಿಗೆ ಹಾಕಲ್ಪಟ್ಟಿತು. ನಮ್ಮ ದೇಶದಲ್ಲಿ ಅದೇ ಮೊದಲು. ಆ ಕಾಲದಲ್ಲಿ ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕುತ್ತಿದ್ದರು. ಅದು ಯಾರ ಮಗುವಿನ ದ್ರವ, ಅದರೊಡನೆ ಬೇರೆ ರೋಗ ಬಾರದೇ ಎಂದು ಜನ ಕೇಳಿದರು. ಮೊದಲನೆಯ ಪ್ರಶ್ನೆಯಲ್ಲಿ ಜಾತಿಯ ಮೈಲಿಗೆಯ ಭಾವನೆ ಬೆರೆತಿದ್ದಿತು. ಎರಡನೆಯದು ಮಾತ್ರ ವಿವೇಕದ ಪ್ರಶ್ನೆಯೇ ಆಗಿದ್ದಿತು. ಯೂರೋಪಿನಲ್ಲಿಯೂ ಈ ಪದ್ಧತಿಯಿಂದ ರೋಗಗಳು ಅಂಟಿದುದುಂಟು. ಆದುದರಿಂದಲೇ ಮುಂದೆ ಕರುಗಳಿಂದ ತೆಗೆದ ದ್ರವವು ಬಳಕೆಗೆ ಬಂದಿತು. ಪ್ರಶ್ನೆಯು ಲಸಿಕೆಯನ್ನು ಕೆಡಿಸಲಿಲ್ಲ, ತಿದ್ದಿತು.

ಆ ದಿನಗಳಲ್ಲಿ ಮೈಸೂರಿನ ಅರಮನೆ ಹಿಡಿದ ದಾರಿ ಗಮನಾರ್ಹವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ತಾವೇ ಲಸಿಕೆಗೆ ಮುಂದಾದುದರಿಂದ ಪ್ರಜೆಗಳಿಗೂ ಧೈರ್ಯ ಬಂದಿತೆಂದು 1806ರ ದಾಖಲೆಯೊಂದು ತಿಳಿಸುತ್ತದೆ. ಪರರಿಗೆ ಹೇಳುವುದಕ್ಕಿಂತ ಮುಂಚೆ ತನ್ನ ತೋಳನ್ನು ಒಡ್ಡಿದವರ ಮಾತಿಗೆ ತೂಕ ಹೆಚ್ಚು.

ಈಗ ಭೀಮಾ ತೀರದ ಜೇವರ್ಗಿಗೆ ಮರಳೋಣ. ಇಲ್ಲಿ ಅರಮನೆಯ ನಿದರ್ಶನಕ್ಕಿಂತ ನೆರೆಮನೆಯ ಮಾತು ಮುಖ್ಯ. ಲಸಿಕೆ ಹಾಕುವ ಸಹೋದರಿಯು ಪ್ರತಿಯೊಬ್ಬ ತಾಯಿಗೂ ನಾಲ್ಕು ಮಾತುಗಳನ್ನು ತಪ್ಪದೆ ಹೇಳಬೇಕೆಂಬ ನಿಯಮವುಂಟು: ಈ ದಿನ ಹಾಕಿದ ಲಸಿಕೆ ಯಾವುದು, ಅದು ಯಾವ ರೋಗವನ್ನು ತಡೆಯುತ್ತದೆ; ಹಾಕಿದ ಮೇಲೆ ಏನಾಗಬಹುದು, ಆಗ ಏನು ಮಾಡಬೇಕು; ಮತ್ತೆ ಯಾವಾಗ ಬರಬೇಕು; ತಾಯಿ ಕಾರ್ಡನ್ನು ಜೋಪಾನವಾಗಿಟ್ಟು ಪ್ರತಿ ಸಲವೂ ತರಬೇಕು. ಲಸಿಕೆಯ ತರುವಾಯ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂಬುದೂ ಇದಕ್ಕೆ ಸೇರಿದುದು.

ಇವುಗಳಲ್ಲಿ ಎರಡನೆಯ ಮಾತೇ ನಂಬಿಕೆಯ ಜೀವಾಳವೆಂದು ನಮ್ಮ ಅಭಿಪ್ರಾಯ. ಜ್ವರ ಬರಬಹುದೆಂದು ಮುಂದಾಗಿ ತಿಳಿಸಿದ್ದರೆ, ಬಂದ ಜ್ವರವು ಹೇಳಿದವಳ ಮಾತು ನಿಜವೆಂಬುದಕ್ಕೆ ಸಾಕ್ಷಿಯಾಗುತ್ತದೆ. ತಿಳಿಸದಿದ್ದರೆ ಅದೇ ಜ್ವರವು ಮೋಸದ ಸಾಕ್ಷಿಯಾಗುತ್ತದೆ. “ಛಲೋ ಇದ್ದ ಕೂಸಿಗಿ ಉರಿ ಬರಸಿದ್ರಿ” ಎಂಬ ಆಕ್ಷೇಪಣೆಯನ್ನು ಯಾವ ಭಿತ್ತಿಪತ್ರವೂ ಅಳಿಸಲಾರದು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಒಂದೂವರೆ ತಿಂಗಳ ಸೂಜಿಗೆ ಬೆದರಿದ ತಾಯಿ ಎರಡೂವರೆ, ಮೂರೂವರೆ ತಿಂಗಳ ಸೂಜಿಗಳಿಗೆ ಬಾರದೆ ಉಳಿದರೆ ಆಶ್ಚರ್ಯವೇನು?

ಹೀಗೆ ಉಳಿದರೆ ಆಗುವ ನಷ್ಟ ಅಲ್ಪವಲ್ಲ. ದಡಾರವನ್ನು ನೋಡಿರಿ. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ಹರಡಬಲ್ಲುದು. ಅದನ್ನು ತಡೆಹಿಡಿಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡು ಲಸಿಕೆಗಳು ಆಗಿರಬೇಕು. ತಾಯಿಯಿಂದ ಬಂದ ರಕ್ಷಕಾಂಶವು ಎಳೆಯ ಕೂಸಿನ ರಕ್ತದಲ್ಲಿರುವಾಗ ಲಸಿಕೆ ಸರಿಯಾಗಿ ನಾಟದು. ಆದುದರಿಂದ ಮೊದಲನೆಯದನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಆಗಲೂ ಕೆಲವರಿಗೆ ನಾಟದೆ ಉಳಿಯುವುದರಿಂದ 16ರಿಂದ 24 ತಿಂಗಳೊಳಗೆ ಎರಡನೆಯದು. ಈ ಅವಧಿಯಲ್ಲಿಯೇ ಸುಗ್ಗಿ ಮುಗಿದು, ಕೂಲಿಯ ಕುಟುಂಬವು ಕೂಸನ್ನು ಕಟ್ಟಿಕೊಂಡು ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋದರೆ, ತಪ್ಪಿದ ಸರದಿಗೆ ಕಾರಣ ಅವಿಶ್ವಾಸವಲ್ಲ, ಅಲೆದಾಟ. ಅಂಥವರಿಗೆ ಉಪದೇಶ ಬೇಡ. ಇರುವ ಊರಿನಲ್ಲಿಯೇ ಅದೇ ಕಾರ್ಡಿನ ಮೇಲೆ ಲಸಿಕೆ ಸಿಗುವುದೆಂಬ ತಿಳಿವಳಿಕೆ ಬೇಕು.

ಅಜ್ಞಾನವು ಹಳ್ಳಿಯದೇ ಸೊತ್ತೆಂದು ಭಾವಿಸುವವರು 2017ರ ಫೆಬ್ರವರಿಯನ್ನು ನೆನೆಯಬೇಕು. ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಸುಳ್ಳು ಸುದ್ದಿಗಳು ಹರಿದುಬಂದುದು ವಾಟ್ಸಾಪಿನಲ್ಲಿ. ಅವನ್ನು ಓದಿ ಮುಂದಕ್ಕೆ ದಾಟಿಸಿದವರು ಅಕ್ಷರ ಬಲ್ಲವರೇ. ಇದಕ್ಕೆ ಪ್ರತಿಯಾಗಿ, ಪೋಲಿಯೊ ಹನಿಗೆ ಬಾಗಿಲು ಮುಚ್ಚಿದ್ದ ಪಶ್ಚಿಮ ಉತ್ತರ ಪ್ರದೇಶದ ಮನೆಗಳು ತೆರೆದುದು ಬೆದರಿಕೆಯಿಂದಲ್ಲ. ಅದೇ ಓಣಿಯ ಹೆಂಗಸರೂ ಮಸೀದಿಯ ಹಿರಿಯರೂ ಜೊತೆಗೂಡಿ ಮನೆಮನೆಗೆ ಹೋದ ಮೇಲೆ.

ಆದಕಾರಣ ಕೇಳುಗರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಲಸಿಕೆಯ ವಿಷಯದಲ್ಲಿ ಸಂದೇಹ ಬಂದರೆ ವೈದ್ಯರನ್ನು ಕೇಳಿರಿ; ತಿಳಿಯದ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸಬೇಡಿರಿ. ನಿಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಬಳಿ ಜೇವರ್ಗಿ ಕಡೆಯ ಕೂಲಿಯವರು ಬಿಡಾರ ಹೂಡಿದ್ದರೆ, ಕೂಸಿನ ತಾಯಿ ಕಾರ್ಡನ್ನು ತಂದಿದ್ದಾರೆಯೇ ಎಂದು ಕೇಳಿ, ಹತ್ತಿರದ ಆರೋಗ್ಯ ಕೇಂದ್ರದ ದಾರಿ ತೋರಿಸಿರಿ. ಕಾರ್ಡು ಕಳೆದಿದ್ದರೂ ಅಂಜಬೇಕಾಗಿಲ್ಲ, ಕೂಸನ್ನು ಕರೆದೊಯ್ಯಬಹುದೆಂದು ತಿಳಿಸಿರಿ.